ದುಡ್ಡು ಕೊಟ್ಟು ಹಗ್ಗ ಎಳೆಯುವ ರಜೆ: ಮರದ ಹಾಯಿಹಡಗಿನ ಪ್ರವಾಸ ಅಂದ್ರೆ ಏನು?

ಹುಬ್ಬಳ್ಳಿಯಿಂದ ಸಮುದ್ರ ಅಂಥ ದೂರವೇನಲ್ಲ. ಬೆಳಿಗ್ಗೆ ಬಸ್ ಹತ್ತಿದರೆ ಕಲಘಟಗಿ, ಯಲ್ಲಾಪುರ, ಅರೆಬೈಲು ಘಟ್ಟ, ಅಂಕೋಲಾ ದಾಟಿ ಊಟದ ಹೊತ್ತಿಗೆ ಕಾರವಾರದಲ್ಲಿ ಇಳಿಯಬಹುದು. ಆದರೂ ನಮ್ಮ ಕಡೆಯವರಿಗೆ ಸಮುದ್ರ ಅಂದ್ರೆ ದಂಡೆ ಅಷ್ಟೇ. ಕಾಲು ತೋಯಿಸಿಕೊಂಡು, ನಾಲ್ಕು ಫೋಟೊ ಹೊಡೆದು, ಮಾರನೇ ದಿನ ವಾಪಸ್. ನೀರಿನ ಮೇಲೆ ವಾರಗಟ್ಟಲೆ ರಜೆ ಕಳೆಯುತ್ತಾರೆ ಅಂದರೆ ಕಣ್ಣ ಮುಂದೆ ಬರುವುದು ದೊಡ್ಡ ಕ್ರೂಸ್ ಹಡಗು. ಬಫೆ ಊಟ, ಈಜುಕೊಳ, ರಾತ್ರಿ ಡಿಜೆ.

ಮರದ ಹಾಯಿಹಡಗಿನ ರಜೆಗೂ ಅದಕ್ಕೂ ಸಂಬಂಧವೇ ಇಲ್ಲ. ಇಲ್ಲಿ ದುಡ್ಡೂ ನಿಮ್ಮದು, ದುಡಿಮೆಯೂ ನಿಮ್ಮದು. ಹಗ್ಗ ಎಳೆಯಬೇಕು, ಚುಕ್ಕಾಣಿ ಹಿಡಿಯಬೇಕು, ರಾತ್ರಿ ಎರಡಕ್ಕೆ ಎದ್ದು ಕಾವಲು ಕೂರಬೇಕು, ಪಾಳಿ ಬಂದಾಗ ಪಾತ್ರೆ ತಿಕ್ಕಬೇಕು. ಯಾವ ಊರಿಗೆ ಯಾವತ್ತು ಮುಟ್ಟುತ್ತೀರಿ ಅನ್ನುವುದು ಗಾಳಿಯ ಕೈಯಲ್ಲಿ. ಈ ಎರಡು ಮಾತು ತಲೆಗೆ ಹೋದರೆ ಉಳಿದದ್ದೆಲ್ಲ ತಾನಾಗಿ ಬಿಡಿಸಿಕೊಳ್ಳುತ್ತದೆ. ಹೋಗದಿದ್ದರೆ ಮೂರನೇ ದಿನ ಜಗಳ ಗ್ಯಾರಂಟಿ.

ಇಂಥ ವಿಚಿತ್ರ ವ್ಯಾಪಾರ ಶುರುವಾದದ್ದು ಹೊಟ್ಟೆಪಾಡಿನಿಂದ. ಹಾಯಿಹಡಗುಗಳೆಲ್ಲ ಮೊದಲು ದುಡಿಯುವ ಹಡಗುಗಳು. ಮೀನು, ಕಟ್ಟಿಗೆ, ಕಲ್ಲು, ಸುಣ್ಣ ಸಾಗಿಸುತ್ತಿದ್ದವು. ಎಂಜಿನ್ ಬಂತು, ರೈಲು ಬಂತು, ಲಾರಿ ಬಂತು. ಸಾವಿರಾರು ಹಡಗು ದಂಡೆಯಲ್ಲೇ ಕೊಳೆತವು. ಅಮೆರಿಕದ ಮೇಯ್ನ್ ರಾಜ್ಯದಲ್ಲಿ ಫ್ರಾಂಕ್ ಸ್ವಿಫ್ಟ್ ಅನ್ನುವ ಕ್ಯಾಪ್ಟನ್ 1936ರಲ್ಲಿ ಬೇರೆ ದಾರಿ ಹುಡುಕಿದ. ಸರಕಿನ ಜಾಗದಲ್ಲಿ ಪಟ್ಟಣದ ಜನರನ್ನು ಹತ್ತಿಸಿಕೊಂಡು ವಾರದ ಸುತ್ತಾಟಕ್ಕೆ ಹೊರಟ. ಆ ಕಸುಬು ಅಲ್ಲಿ ಇವತ್ತಿಗೂ ನಡೆದಿದೆ. 1871ರಲ್ಲಿ ನೀರಿಗಿಳಿದ ಲೂಯಿಸ್ ಆರ್. ಫ್ರೆಂಚ್ ಅನ್ನುವ ಎರಡು ಕೂವೆಮರದ (ಹಾಯಿ ಕಟ್ಟುವ ನೆಟ್ಟ ಕಂಬ) ಹಡಗು ಈಗಲೂ ಪ್ರವಾಸಿಗರನ್ನು ಕರೆದೊಯ್ಯುತ್ತದೆ. ಅದರೊಳಗೆ ಎಂಜಿನ್ನೇ ಇಲ್ಲ. ಗಾಳಿ ಸತ್ತರೆ ಹಿಂದಿನಿಂದ ಒಂದು ಸಣ್ಣ ಮೋಟಾರು ದೋಣಿ ತಳ್ಳುತ್ತದೆ.

ಇಂಥ ಹಡಗಿಗೆ ಪ್ರತಿ ವರ್ಷ ಬಣ್ಣ, ಹಲಗೆ, ಹಗ್ಗ, ಹಾಯಿ ಅಂತ ಖರ್ಚು ಇದ್ದೇ ಇರುತ್ತದೆ. ಬಹಳಷ್ಟು ಕಡೆ ನೀವು ಕೊಡುವ ದುಡ್ಡು ಮೊದಲು ಹೋಗುವುದು ಆ ಖರ್ಚಿಗೆ. ಮಲಗುವ ಜಾಗ ಇಕ್ಕಟ್ಟಾಗಿದ್ದರೂ ದರ ಯಾಕೆ ಜಾಸ್ತಿ ಅನ್ನುವುದಕ್ಕೆ ಇದೇ ಉತ್ತರ.

ನಮ್ಮ ಹತ್ತಿಯ ಕಥೆಯೂ ಹೀಗೇ ಇದೆ, ಆದರೆ ಕೊನೆ ಬೇರೆ. 19ನೇ ಶತಮಾನದಲ್ಲಿ ಧಾರವಾಡ, ಹುಬ್ಬಳ್ಳಿ, ಗದಗ ಸೀಮೆಯ ಹತ್ತಿ ಚಕ್ಕಡಿಗಳಲ್ಲಿ, ಹೇರೆತ್ತುಗಳ ಬೆನ್ನ ಮೇಲೆ ಘಟ್ಟ ಇಳಿದು ಕುಮಟಾ ಸೇರುತ್ತಿತ್ತು. ಅಲ್ಲಿಂದ ಹಾಯಿದೋಣಿಯಲ್ಲಿ ಮುಂಬೈಗೆ. ಎರೆಹೊಲದಲ್ಲಿ ಬೆಳೆದ ನಮ್ಮ ಹತ್ತಿಗೆ ಪೇಟೆಯಲ್ಲಿ ಬಂದರಿನ ಹೆಸರೇ ಅಂಟಿಕೊಂಡಿತು: ಕುಮಟಾ ಹತ್ತಿ. 1860ರ ದಶಕದಲ್ಲಿ ಅಮೆರಿಕದ ಅಂತರ್ಯುದ್ಧದಿಂದ ಹತ್ತಿಗೆ ಬಂಗಾರದ ಬೆಲೆ ಬಂದಾಗ ಈ ದಾರಿಗಳಲ್ಲಿ ಗಾಡಿ ಬಿಡುವಿರಲಿಲ್ಲ. 1880ರ ದಶಕದಲ್ಲಿ ಮರ್ಮಗೋವಾ ಬಂದರಿಗೆ ರೈಲು ಹಾದಿ ಬಂತು ನೋಡಿ, ಹತ್ತಿ ಅತ್ತ ತಿರುಗಿತು, ಕುಮಟಾದ ವ್ಯಾಪಾರ ಇಳಿಯಿತು. ಅಲ್ಲಿಯ ಹಳೆಯ ದೋಣಿಗಳಿಗೆ ರಜೆಯ ಗಿರಾಕಿಗಳು ಸಿಗಲಿಲ್ಲ. ಮಂಗಳೂರಿನ ಹಳೇ ಬಂದರಿನಲ್ಲಿ ಲಕ್ಷದ್ವೀಪಕ್ಕೆ ಸಾಮಾನು ಹೊರುವ ಮರದ ಮಂಜಿಗಳನ್ನು ಇವತ್ತಿಗೂ ನೋಡಬಹುದು. ಕೇರಳದ ಬೇಪೂರಿನಲ್ಲಿ ಉರು ಕಟ್ಟುವ ಬಡಗಿಗಳಿದ್ದಾರೆ. ಆದರೆ ಇವು ಎಂಜಿನ್ನಿನ ಮೇಲೆ ಓಡುವ ಹಡಗುಗಳು, ರಜೆಗೆ ಬಂದವರನ್ನು ಹತ್ತಿಸಿಕೊಳ್ಳುವುದು ಇವುಗಳ ಕಸುಬಲ್ಲ.

ಹಾಗಂತ ಕಾರವಾರದಲ್ಲಿ ನಿಜವಾದ ಹಾಯಿಹಡಗು ಇಲ್ಲವೇ ಇಲ್ಲ ಅನ್ನುವಂತಿಲ್ಲ. 2025ರ ಮೇ 21ರಂದು ನೌಕಾಪಡೆ ಅಲ್ಲೇ ಐಎನ್‌ಎಸ್‌ವಿ ಕೌಂಡಿನ್ಯವನ್ನು ಸೇರಿಸಿಕೊಂಡಿತು. ಅಜಂತಾದ ಚಿತ್ರವೊಂದರಲ್ಲಿರುವ 5ನೇ ಶತಮಾನದ ಹಡಗನ್ನು ನೋಡಿ ಕಟ್ಟಿದ್ದು ಇದು. ಕೇರಳದ ಬಡಗಿಗಳು ಗೋವಾದಲ್ಲಿ ಕಟ್ಟಿದರು. ಹಲಗೆಗೆ ಹಲಗೆ ಜೋಡಿಸಿರುವುದು ಮೊಳೆಯಿಂದಲ್ಲ, ಹೊಲಿಗೆಯಿಂದ. ಹಲಗೆಯ ಅಂಚಿನುದ್ದಕ್ಕೂ ಸಾಲಾಗಿ ತೂತು ಕೊರೆಯುತ್ತಾರೆ. ಸಂದಿನ ಮೇಲೆ ತೆಂಗಿನ ನಾರಿನ ಒತ್ತು ಇಡುತ್ತಾರೆ. ಅದರ ಮೇಲೆ ಕಾಯಿನಾರಿನ ಹಗ್ಗವನ್ನು ಈ ಕಡೆ ಆ ಕಡೆ ಹಾಯಿಸಿ, ಬಿಗಿ ಎಳೆದು, ಹೊಲಿಗೆ ಹಾಕುತ್ತಾ ಹೋಗುತ್ತಾರೆ. ಆಮೇಲೆ ರಾಳ ಬಳಿದು ತೂತು ಮುಚ್ಚುತ್ತಾರೆ. ಹಾಯಿಯ ಮೇಲೆ ಸೂರ್ಯ ಮತ್ತು ಗಂಡಭೇರುಂಡ, ನಮ್ಮ ರಾಜ್ಯ ಲಾಂಛನದಲ್ಲಿರುವ ಅದೇ ಎರಡು ತಲೆಯ ಹಕ್ಕಿ. 2025ರ ಡಿಸೆಂಬರ್ 29ಕ್ಕೆ ಪೋರಬಂದರಿನಿಂದ ಹೊರಟು ಜನವರಿ ಮಧ್ಯದ ಹೊತ್ತಿಗೆ ಮಸ್ಕತ್ ಮುಟ್ಟಿತು. ಡಿಸೆಂಬರೇ ಯಾಕೆ? ಚಳಿಗಾಲದಲ್ಲಿ ಅರಬ್ಬಿ ಸಮುದ್ರದ ಮೇಲೆ ಗಾಳಿ ಈಶಾನ್ಯದಿಂದ ಬೀಸುತ್ತದೆ. ಒಮಾನ್ ಕಡೆ ಹೋಗುವವರಿಗೆ ಅದು ಅನುಕೂಲದ ಗಾಳಿ. ಚೌಕ ಹಾಯಿಯ ಹಡಗಿಗೆ ಎದುರು ಗಾಳಿ ಆಗಿಬರುವುದಿಲ್ಲ. ಇದು ನೌಕಾಪಡೆಯ ಹಡಗು, ಟಿಕೆಟ್ ಸಿಗುವುದಿಲ್ಲ ಬಿಡಿ.

ಗಾಳಿಗೆ ಎದುರಾಗಿ ಹೋಗುವುದು ಹೇಗೆ?

ಹಾಯಿ ಅಂದ ಕೂಡಲೇ ಎಲ್ಲರೂ ಕೇಳುವ ಪ್ರಶ್ನೆ ಇದು. ಹಿಂದಿನಿಂದ ಗಾಳಿ ತಳ್ಳಿದರೆ ಹಡಗು ಮುಂದೆ ಹೋಗುತ್ತೆ, ಸರಿ. ಗಾಳಿ ಪಕ್ಕದಿಂದಲೋ ಮುಂದಿನಿಂದಲೋ ಬಂದರೆ?

ಗದಗದ ಕಪ್ಪತಗುಡ್ಡದ ಕಡೆ ಹೋದವರು ಗಾಳಿಯಂತ್ರಗಳನ್ನು ನೋಡಿಯೇ ಇರುತ್ತೀರಿ. ಅದರ ರೆಕ್ಕೆ ಗಾಳಿ ಹೋಗುವ ದಿಕ್ಕಿಗೆ ಹೋಗುವುದಿಲ್ಲ, ಗಾಳಿಗೆ ಅಡ್ಡಲಾಗಿ ಸುತ್ತುತ್ತದೆ. ರೆಕ್ಕೆಯ ಆಕಾರ ಹಾಗಿದೆ. ಒಂದು ಬದಿಯಲ್ಲಿ ಗಾಳಿ ಬೇಗ ಹರಿದು ಒತ್ತಡ ಕಡಿಮೆಯಾಗುತ್ತದೆ, ರೆಕ್ಕೆ ಆ ಬದಿಗೆ ಸೆಳೆಯಲ್ಪಡುತ್ತದೆ. ಸರಿಯಾಗಿ ಕಟ್ಟಿದ ಹಾಯಿಯೂ ಅದೇ ಕೆಲಸ ಮಾಡುತ್ತದೆ. ಬಟ್ಟೆ ಸ್ವಲ್ಪ ಹೊಟ್ಟೆ ಬಿಟ್ಟುಕೊಂಡು ನಿಂತಾಗ ಅದು ಹಡಗನ್ನು ಸ್ವಲ್ಪ ಮುಂದಕ್ಕೆ, ಜಾಸ್ತಿ ಪಕ್ಕಕ್ಕೆ ಎಳೆಯುತ್ತದೆ. ಪಕ್ಕಕ್ಕೆ ಜಾರದಂತೆ ತಡೆಯುವುದು ನೀರೊಳಗಿನ ಕೀಲ್, ಅಂದರೆ ಹಡಗಿನ ಬೆನ್ನೆಲುಬಿನಂಥ ಆಳದ ಮರ. ಪಕ್ಕಕ್ಕೆ ಹೋಗಲು ದಾರಿ ಇಲ್ಲದ ಹಡಗು ಉಳಿದ ಒಂದೇ ದಾರಿಗೆ, ಮುಂದಕ್ಕೆ, ನುಗ್ಗುತ್ತದೆ.

ಆದರೂ ಇದಕ್ಕೊಂದು ಮಿತಿ ಇದೆ. ನೇರ ಗಾಳಿಯ ಬಾಯಿಗೆ ಯಾವ ಹಾಯಿಹಡಗೂ ಹೋಗಲಾರದು. ಈಗಿನ ಫೈಬರ್ ದೋಣಿಗಳು ಗಾಳಿಯಿಂದ ಸುಮಾರು 45 ಡಿಗ್ರಿ ಓರೆಯಾಗಿ ಸಾಗುತ್ತವೆ. ಹಳೆಯ ಮರದ ಹಡಗುಗಳಿಗೆ 50-55 ಡಿಗ್ರಿ ಬೇಕು. ಹಾಗಾಗಿ ಎಡಕ್ಕೊಮ್ಮೆ ಬಲಕ್ಕೊಮ್ಮೆ ಅಂಕುಡೊಂಕಾಗಿ ಏರಬೇಕು.

ಲೆಕ್ಕ ಹಾಕಿ ನೋಡೋಣ. ಕಾರವಾರದಿಂದ ಮರ್ಮಗೋವಾ ಸಮುದ್ರದ ಮೇಲೆ ಸುಮಾರು 40 ನಾಟಿಕಲ್ ಮೈಲಿ. ಒಂದು ನಾಟಿಕಲ್ ಮೈಲಿ ಅಂದರೆ 1.852 ಕಿಲೋಮೀಟರು. ದಿಕ್ಕು ಹೆಚ್ಚುಕಡಿಮೆ ವಾಯವ್ಯ. ನಮ್ಮ ಕರಾವಳಿಯಲ್ಲಿ ಮಳೆಗಾಲ ಮುಗಿದ ಮೇಲೆ ಮಧ್ಯಾಹ್ನದ ಗಾಳಿಯೂ ಬಹುತೇಕ ವಾಯವ್ಯದಿಂದಲೇ. ಅಂದರೆ ಮುಖಕ್ಕೆ ಮುಖ. 50 ಡಿಗ್ರಿ ಓರೆಯಲ್ಲಿ ಅಂಕುಡೊಂಕು ಹೋದರೆ 40 ಮೈಲಿ ದಾರಿ 62 ಮೈಲಿ ಆಗುತ್ತದೆ. ತಾಸಿಗೆ 5 ಮೈಲಿ ವೇಗ ಇಟ್ಟುಕೊಂಡರೂ 12 ತಾಸಿನ ಮೇಲೆ ಬೇಕು. ವಾಪಸ್ ಬರುವಾಗ ಅದೇ ಗಾಳಿ ಬೆನ್ನಿಗೆ, 8 ತಾಸು ಸಾಕು. ಕಾರಿನಲ್ಲಾದರೆ ಹೋಗಲು ಬರಲು ಒಂದೇ ಹೊತ್ತು, ಅಲ್ವಾ? ಹಾಯಿಹಡಗಿನವರು ಜಾಹೀರಾತಿನಲ್ಲಿ ‘ಮಾರ್ಗ ಹವಾಮಾನದ ಮೇಲೆ ಅವಲಂಬಿತ’ ಅಂತ ಬರೆಯುವುದು ಸುಮ್ನೆ ಅಲ್ಲ. ನಮ್ಮ ಕರಾವಳಿಯಲ್ಲಿ ಸರಕು ಸಾಗಿಸುತ್ತಿದ್ದ ಪತ್ತೆಮಾರಿ ಅನ್ನುವ ಹಳೆಯ ಹಾಯಿಹಡಗುಗಳ ತಾಂಡೇಲರು, ಅಂದರೆ ನಾವಿಕರ ಮುಖಂಡರು, ಇದಕ್ಕೊಂದು ಉಪಾಯ ಮಾಡುತ್ತಿದ್ದರು. ರಾತ್ರಿ ಮತ್ತು ನಸುಕಿನಲ್ಲಿ ನೆಲದ ಕಡೆಯಿಂದ ಗಾಳಿ ಬೀಸುತ್ತದೆ. ಆ ಗಾಳಿಯಲ್ಲಿ ದಂಡೆಗುಂಟ ಸಾಗಿ, ಮಧ್ಯಾಹ್ನ ಕಡಲ ಗಾಳಿ ಎದ್ದ ಮೇಲೆ ಅದನ್ನು ಹಿಡಿದು ದಿಕ್ಕು ಬದಲಿಸುತ್ತಿದ್ದರು.

ಹಾಯಿ ಏರಿಸುವುದು

ಎಲ್ಲಕ್ಕಿಂತ ಮಜಾ ಇರುವುದು, ಮೈ ನೋಯುವುದು ಇದೇ ಕೆಲಸದಲ್ಲಿ. ಯುರೋಪಿನ ಹಳೆಯ ಹಡಗುಗಳಲ್ಲಿ ದೊಡ್ಡ ಹಾಯಿ ನಾಲ್ಕು ಮೂಲೆಯದು. ಅದರ ಮೇಲಂಚಿಗೆ ಗ್ಯಾಫ್ ಅನ್ನುವ ಓರೆ ಮರ, ಕೆಳಗಂಚಿಗೆ ಬೂಮ್ ಅನ್ನುವ ಅಡ್ಡ ಮರ. ಗ್ಯಾಫ್ ಮೇಲೇರಿಸಲು ಎರಡು ಹಗ್ಗ. ಒಂದು ಕೂವೆಮರದ ಹತ್ತಿರದ ತುದಿಗೆ, ಇನ್ನೊಂದು ಹೊರತುದಿಗೆ. ಎರಡು ಸಾಲು ಜನ ನಿಲ್ಲುತ್ತಾರೆ. ಒಬ್ಬರು ಲೆಕ್ಕ ಕೂಗುತ್ತಾರೆ, ಎಲ್ಲರೂ ಒಟ್ಟಿಗೆ ಜಗ್ಗುತ್ತಾರೆ. ಗ್ಯಾಫ್ ಮಟ್ಟಸವಾಗಿಯೇ ಏರಬೇಕು. ಒಂದು ಸಾಲಿನವರು ಅವಸರ ಮಾಡಿದರೆ ಮರ ವಾಲಿ ಸಿಕ್ಕಿಹಾಕಿಕೊಳ್ಳುತ್ತದೆ, ಕ್ಯಾಪ್ಟನ್ ಬಾಯಿಂದ ಬೈಗುಳ ಬರುತ್ತದೆ. ಒಳತುದಿ ಮೇಲೆ ಮುಟ್ಟಿದ ಮೇಲೆ ಆ ಹಗ್ಗ ಕಟ್ಟಿ, ಎಲ್ಲರೂ ಹೊರತುದಿಯ ಹಗ್ಗಕ್ಕೆ ಬರುತ್ತಾರೆ. ಹಾಯಿಯ ಮೇಲಿನ ಹೊರಮೂಲೆಯಿಂದ ಕೆಳಗಿನ ಒಳಮೂಲೆಗೆ ಓರೆಯಾಗಿ ಒಂದು ಸುಕ್ಕು ಮೂಡುವವರೆಗೆ ಎಳೆಯಬೇಕು. ಗಾಳಿ ತುಂಬಿದ ಕೂಡಲೇ ಆ ಸುಕ್ಕು ಮಾಯವಾಗುತ್ತದೆ. ಸುಕ್ಕು ಬರುವ ಮೊದಲೇ ಕೈಬಿಟ್ಟಿದ್ದರೆ ಹಾಯಿ ಜೋತುಬಿದ್ದು ನಿಲ್ಲುತ್ತದೆ.

ಗಾಳಿ ಜೋರಾದರೆ ಹಾಯಿ ಪೂರ್ತಿ ಇಳಿಸುವುದಿಲ್ಲ, ಕೆಳಗಿನ ಭಾಗ ಮಡಚಿ ಕಟ್ಟಿ ಚಿಕ್ಕದು ಮಾಡುತ್ತಾರೆ. 11ರಿಂದ 16 ನಾಟ್ (ತಾಸಿಗೆ ಅಷ್ಟು ನಾಟಿಕಲ್ ಮೈಲಿ) ಗಾಳಿ ಸೊಗಸು. 22 ದಾಟಿದರೆ ಹಡಗು ಚೆನ್ನಾಗಿ ವಾಲುತ್ತದೆ, ಮಡಚುವುದೇ ವಾಸಿ. 34 ಮೇಲೆ ಹೋದರೆ ಅದು ಬಿರುಗಾಳಿ. ಒಳ್ಳೆಯ ಕ್ಯಾಪ್ಟನ್ ಆ ದಿನ ಬಂದರು ಬಿಡುವುದೇ ಇಲ್ಲ. ಹಾಗೆ ಎರಡು ದಿನ ಬಂದರಿನಲ್ಲೇ ಕೂರಿಸಿದ ಕ್ಯಾಪ್ಟನ್ ಮೇಲೆ ಸಿಟ್ಟಾಗಬೇಡಿ.

ಅಪಾಯದ ಮಾತು ಬಂದಾಗ ಎಲ್ಲರೂ ಮುಳುಗುವುದನ್ನೇ ನೆನೆಸುತ್ತಾರೆ. ತಲೆಗೆ ಬೂಮ್ ಬಡಿಯುವುದನ್ನು ನೆನೆಸುವುದಿಲ್ಲ. ಗಾಳಿ ಹಿಂದಿನಿಂದ ಬರುವಾಗ ಚುಕ್ಕಾಣಿ ಹಿಡಿದವರು ಸ್ವಲ್ಪ ಮೈಮರೆತರೆ ಆ ದಪ್ಪ ಮರ ಒಂದು ಬದಿಯಿಂದ ಇನ್ನೊಂದು ಬದಿಗೆ ಒಂದೇ ಏಟಿಗೆ ಬೀಸಿ ಬರುತ್ತದೆ. ಅದರ ದಾರಿಯಲ್ಲಿ ನಿಲ್ಲಬಾರದು. ಇನ್ನು ರಾತ್ರಿ ಮತ್ತು ಒರಟು ಸಮುದ್ರದಲ್ಲಿ ಲೈಫ್ ಜಾಕೆಟ್ ಹಾಕಿ, ಸೊಂಟದ ಪಟ್ಟಿಯ ಕೊಕ್ಕೆಯನ್ನು ಹಡಗಿಗೆ ಸಿಕ್ಕಿಸಿಕೊಳ್ಳಬೇಕು. ಈಜು ಬಂದರೂ ಇದು ಬೇಕೇ ಬೇಕು. ಹಾಯಿ ಬಿಚ್ಚಿದ ಹಡಗು ಬಿದ್ದವರಿಗಾಗಿ ತಿರುಗಿ ಬರಲು ಹೊತ್ತು ತೆಗೆದುಕೊಳ್ಳುತ್ತದೆ.

ಪಾಳಿ, ವಾಂತಿ, ರೊಟ್ಟಿ

ರಾತ್ರಿಯೂ ಸಾಗುವ ಪ್ರವಾಸವಾದರೆ ನಾಲ್ಕು ತಾಸಿನ ಪಾಳಿ. ಒಬ್ಬರು ಚುಕ್ಕಾಣಿಗೆ, ಒಬ್ಬರು ಕಣ್ಣಿಟ್ಟು ನೋಡಲು, ಒಬ್ಬರು ಚಹಾಕ್ಕೆ. ಇದರಲ್ಲಿ ಒಂದು ಜಾಣತನ ಇದೆ. ದಿನಕ್ಕೆ ನಾಲ್ಕು ತಾಸಿನ ಆರು ಪಾಳಿ ಮಾಡಿ ಎರಡು ತಂಡಕ್ಕೆ ಹಂಚಿದರೆ ಒಂದೇ ತಂಡಕ್ಕೆ ದಿನಾಲೂ ನಡುರಾತ್ರಿ ಪಾಳಿ ಬೀಳುತ್ತದೆ. ಅದಕ್ಕೇ ಸಂಜೆ ನಾಲ್ಕರಿಂದ ಎಂಟರ ಪಾಳಿಯನ್ನು ಎರಡೆರಡು ತಾಸಿಗೆ ಒಡೆಯುತ್ತಾರೆ. ಆರು ಹೋಗಿ ಏಳಾಗುತ್ತದೆ, ಪಾಳಿ ದಿನಾ ಸರಿಯುತ್ತಾ ಹೋಗುತ್ತದೆ. ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನವರಿಗೆ ಪಾಳಿಯ ಕಷ್ಟಸುಖ ನಾನು ಹೇಳಬೇಕಾಗಿಲ್ಲ.

ಸಮುದ್ರದ ವಾಂತಿಗೆ ಕಾರಣ ಹೊಟ್ಟೆಯಲ್ಲಿಲ್ಲ, ಕಿವಿಯಲ್ಲಿದೆ. ಕೆಳಗಿನ ಕೋಣೆಯಲ್ಲಿ ಕೂತಾಗ ಕಣ್ಣಿಗೆ ಗೋಡೆ ನಿಂತಂತೆ ಕಾಣುತ್ತದೆ, ಒಳಕಿವಿ ಮಾತ್ರ ಎಲ್ಲ ಅಲುಗಾಡುತ್ತಿದೆ ಅನ್ನುತ್ತದೆ. ಮಿದುಳಿಗೆ ಗೊಂದಲ. ಹಾಗಾಗಿ ಮೇಲೆ ಬಂದು ದಿಗಂತ ನೋಡಬೇಕು. ಚುಕ್ಕಾಣಿ ಹಿಡಿದರೆ ಇನ್ನೂ ಒಳ್ಳೆಯದು. ಅರೆಬೈಲು ಘಟ್ಟದಲ್ಲಿ ಡ್ರೈವರ್‌ಗೆ ವಾಂತಿ ಬರದಿರುವುದೂ ಇದೇ ಕಾರಣಕ್ಕೆ. ಅವೋಮಿನ್ ಥರದ ಮಾತ್ರೆಯನ್ನು ವಾಂತಿ ಶುರುವಾದ ಮೇಲೆ ನುಂಗಿ ಉಪಯೋಗ ಇಲ್ಲ, ಮೊದಲೇ ತೆಗೆದುಕೊಳ್ಳಬೇಕು. ನಿದ್ದೆ ಬರಿಸುತ್ತದೆ, ಆದ್ದರಿಂದ ಡಾಕ್ಟರನ್ನು ಕೇಳಿಯೇ ಒಯ್ಯಿರಿ. ಹೆಚ್ಚಿನವರಿಗೆ ಎರಡು ಮೂರು ದಿನದಲ್ಲಿ ಒಗ್ಗಿಹೋಗುತ್ತದೆ.

ಊಟದ ವಿಷಯದಲ್ಲಿ ನಮ್ಮವರು ಅದೃಷ್ಟವಂತರು. ಕಟಕ್ ಜೋಳದ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ. ಹಡಗಿನಲ್ಲಿ ಒಯ್ಯಲೆಂದೇ ಮಾಡಿದಂತಿವೆ. ಫ್ರಿಜ್ ಬೇಡ, ಕೆಡುವುದಿಲ್ಲ. ರೊಟ್ಟಿಗೆ ತೇವ ಮಾತ್ರ ತಾಗಬಾರದು, ಬಿಗಿ ಮುಚ್ಚಳದ ಡಬ್ಬಿ ಬೇಕು. ಸಸ್ಯಾಹಾರಿ ಅಂತ ಮೊದಲೇ ತಿಳಿಸಿದರೆ ಅಡುಗೆಯವರು ಹೊಂದಿಸಿಕೊಳ್ಳುತ್ತಾರೆ. ಸಿಹಿನೀರು ಲೆಕ್ಕದಲ್ಲಿರುತ್ತದೆ, ದಿನಾ ಸ್ನಾನದ ಆಸೆ ಬಿಡಿ. ಪಾಯಖಾನೆಗೆ ಕೈಪಂಪು ಹೊಡೆಯಬೇಕು, ಕಾಗದ ಹಾಕಿದರೆ ಕಟ್ಟಿಕೊಳ್ಳುತ್ತದೆ. ಗಟ್ಟಿ ಸೂಟ್‌ಕೇಸ್ ಇಡಲು ಜಾಗ ಇರುವುದಿಲ್ಲ, ಮಡಚಲು ಬರುವ ಬ್ಯಾಗೇ ಇರಲಿ.

ಮರದ ಹಡಗು ಸ್ವಲ್ಪ ಒಸರುತ್ತದೆ, ಗಾಬರಿ ಬೀಳಬೇಡಿ. ಹಲಗೆಗಳ ಸಂದಿಗೆ ನಾರು ತುಂಬಿ ಡಾಂಬರಿನಂಥ ಅಂಟು ಮೆತ್ತಿರುತ್ತಾರೆ. ಮರ ನೀರು ಕುಡಿದು ಉಬ್ಬಿದಾಗ ಸಂದು ತಾನೇ ಬಿಗಿಯಾಗುತ್ತದೆ. ಉಳಿದ ನೀರನ್ನು ದಿನಕ್ಕೊಮ್ಮೆ ಪಂಪಿನಿಂದ ಹೊರಗೆ ಹಾಕುವುದೂ ಪಾಳಿಯ ಕೆಲಸವೇ. ಚೆನ್ನಾಗಿ ನೋಡಿಕೊಂಡ ಮರ ಎಷ್ಟು ಬಾಳುತ್ತದೆ ಅಂದರೆ, ಮುಂಬೈಯಲ್ಲಿ ಮಲಬಾರ್ ತೇಗದಿಂದ ಕಟ್ಟಿ 1817ರಲ್ಲಿ ನೀರಿಗಿಳಿಸಿದ ಟ್ರಿಂಕಮಲಿ ಯುದ್ಧನೌಕೆ ಇಂಗ್ಲೆಂಡಿನ ಹಾರ್ಟಲ್‌ಪೂಲ್‌ನಲ್ಲಿ ಈಗಲೂ ತೇಲುತ್ತಿದೆ.

ಹಾಯಿ ಇರುವುದೆಲ್ಲ ಹಾಯಿಹಡಗಲ್ಲ

ದುಡ್ಡು ಕಟ್ಟುವ ಮೊದಲು ಗೊತ್ತಿರಬೇಕಾದ ವಿಷಯ ಇದು. ಟರ್ಕಿಯ ಬೋದ್ರುಮ್ ಕಡೆಯ ಗುಲೆಟ್‌ಗಳು ನೋಡಲು ಚಂದದ ಮರದ ಹಡಗುಗಳು. ಆದರೆ ಬಹುತೇಕ ಹೊತ್ತು ಎಂಜಿನ್ ಮೇಲೆ ಓಡುತ್ತವೆ, ಹಾಯಿ ಏರುವುದು ಅಪರೂಪಕ್ಕೆ. ಇಂಡೊನೇಷ್ಯಾದ ಕೊಮೊಡೊ ದ್ವೀಪಗಳ ಸುತ್ತ ಓಡಾಡುವ ಪಿನಿಸಿಗಳದ್ದೂ ಹೆಚ್ಚಾಗಿ ಅದೇ ಕಥೆ. ದಕ್ಷಿಣ ಸುಲಾವೆಸಿಯ ಪಿನಿಸಿ ಕಟ್ಟುವ ಕಲೆ 2017ರಲ್ಲಿ ಯುನೆಸ್ಕೊ ಪಟ್ಟಿ ಸೇರಿದೆ, ಕೆಲಸ ಅಷ್ಟು ಚೆನ್ನಾಗಿದೆ. ಅವು ಕೆಟ್ಟ ರಜೆ ಅಲ್ಲ. ಈಜಿ, ತಿಂದು, ಮಲಗುವವರಿಗೆ ಅದೇ ಸರಿ. ಸಾಹಸ ಅಂತ ಹೋದರೆ ಮಾತ್ರ ನಿರಾಸೆ.

ನಿಜವಾಗಿ ಹಗ್ಗ ಕೈಗೆ ಕೊಡುವ ಹಡಗುಗಳು ಹೆಚ್ಚು ಸಿಗುವುದು ಬ್ರಿಟನ್, ಹಾಲೆಂಡ್, ಮೇಯ್ನ್ ಕಡೆ. ನನಗೆ ಬಹಳ ಇಷ್ಟವಾಗುವ ಕಲ್ಪನೆ ಡಚ್ಚರದ್ದು. ಅವರ ಹಳೆಯ ಸರಕು ಹಡಗುಗಳ ತಳ ಚಪ್ಪಟೆ. ವಾಡನ್ ಸಮುದ್ರದಲ್ಲಿ ಇಳಿತ ಬಂದಾಗ ನೀರು ಪೂರ್ತಿ ಹಿಂದೆ ಸರಿದು ಹಡಗು ಮರಳಿನ ಮೇಲೆ ಕೂರುತ್ತದೆ. ಏಣಿ ಇಳಿದು ಸಮುದ್ರದ ನೆಲದ ಮೇಲೆ ನಡೆದಾಡಬಹುದು. ಭರತ ಬಂದ ಮೇಲೆ ಮತ್ತೆ ತೇಲಿ ಹೊರಡುತ್ತಾರೆ. ಇನ್ನು ವೇಗ ಬೇಕಾದವರಿಗೆ ಪೈಲಟ್ ಕಟರ್‌ಗಳಿವೆ. ದೊಡ್ಡ ಹಡಗುಗಳಿಗೆ ದಾರಿ ತೋರಿಸುವವರನ್ನು ಮುಟ್ಟಿಸಲು ಕಟ್ಟಿದ ದೋಣಿಗಳಿವು. ಮೊದಲು ಮುಟ್ಟಿದವನಿಗೆ ಕೆಲಸ, ಹಾಗಾಗಿ ಓಟದಲ್ಲಿ ಗಟ್ಟಿ. 1913ರಲ್ಲಿ ಫ್ರಾನ್ಸಿನಲ್ಲಿ ಕಟ್ಟಿದ ಜೋಲಿ ಬ್ರೀಸ್ ಅನ್ನುವ ಪೈಲಟ್ ಕಟರ್ 1925ರಲ್ಲಿ ಫಾಸ್ಟ್‌ನೆಟ್ ಅನ್ನುವ ಹಾಯಿದೋಣಿ ಓಟದ ಮೊದಲ ಸ್ಪರ್ಧೆ ಗೆದ್ದಿತ್ತು. ಈಗ ಇಂಗ್ಲೆಂಡಿನ ಒಂದು ಶಾಲೆಯ ಮಕ್ಕಳು ಅದನ್ನು ಓಡಿಸುತ್ತಾರೆ.

ಬುಕ್ ಮಾಡುವಾಗ ನೇರವಾಗಿ ಕೇಳಿ: ಕಳೆದ ಸೀಸನ್ನಿನಲ್ಲಿ ದಿನಕ್ಕೆ ಎಷ್ಟು ತಾಸು ಹಾಯಿ ಮೇಲಿತ್ತು? ಕ್ಯಾಪ್ಟನ್ನಿಗೆ ಯಾವ ಪರವಾನಗಿ ಇದೆ, ಹಡಗಿನ ತಪಾಸಣೆ ಯಾವಾಗ ಆಗಿದೆ? ಮಳೆ ಅಂಗಿ, ಲೈಫ್ ಜಾಕೆಟ್ ಅವರೇ ಕೊಡುತ್ತಾರಾ? ಹವಾಮಾನ ಕೆಟ್ಟು ಬೇರೆ ಊರಲ್ಲಿ ಇಳಿಸಿದರೆ ಅಲ್ಲಿಂದ ಬರುವ ಖರ್ಚು ಯಾರದು? ಈ ಕೊನೆಯ ಪ್ರಶ್ನೆಗೆ ಉತ್ತರ ಬರಹದಲ್ಲಿರಲಿ. ವಿಮಾನದ ಟಿಕೆಟ್ಟನ್ನು ಪ್ರವಾಸ ಮುಗಿಯುವ ದಿನಕ್ಕೇ ತೆಗೆಯಬೇಡಿ, ಒಂದೆರಡು ದಿನ ಬಿಡಿ. ವಿಮೆಯಲ್ಲಿ ಹಾಯಿಹಡಗಿನ ಪ್ರವಾಸ ಸೇರಿದೆಯಾ ಅಂತ ಸಣ್ಣ ಅಕ್ಷರ ಓದಿ.

ವೀಸಾ, ವಿಮಾನ ಅಂತ ಅಷ್ಟು ಖರ್ಚು ಮಾಡುವ ಮೊದಲು ನಿಮಗೆ ಇದು ಹಿಡಿಸುತ್ತದೋ ಇಲ್ಲವೋ ಅಂತ ಹತ್ತಿರದಲ್ಲೇ ನೋಡಿಕೊಳ್ಳಬಹುದು. ಉಣಕಲ್ ಕೆರೆಯ ಪೆಡಲ್ ಬೋಟು ಸಾಲದು! ಗೋವಾ, ಮುಂಬೈ, ಹೈದರಾಬಾದಿನ ಹುಸೇನ್ ಸಾಗರದಲ್ಲಿ ಸಣ್ಣ ಹಾಯಿದೋಣಿ ಕಲಿಸುವ ಕ್ಲಬ್‌ಗಳಿವೆ. ಮರದ್ದಲ್ಲ, ಫೈಬರಿನವು. ಆದರೆ ಗಾಳಿ ಯಾವ ಕಡೆಯಿಂದ ಬರುತ್ತಿದೆ ಅಂತ ಕೆನ್ನೆಯಿಂದಲೇ ತಿಳಿಯುವುದನ್ನು, ಹಗ್ಗ ಬಿಡುವುದು ಯಾವಾಗ ಎಳೆಯುವುದು ಯಾವಾಗ ಅನ್ನುವುದನ್ನು ಅವೂ ಕಲಿಸುತ್ತವೆ. ಗೋವಾ, ಮುಂಬೈಗೆ ಹೋಗುವುದಾದರೆ ಮಳೆಗಾಲ ಬಿಟ್ಟು ನೋಡಿ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆ ಕಡಲಲ್ಲಿ ಹಾಯಿ ಬಿಚ್ಚುವಂತಿಲ್ಲ. ಹುಸೇನ್ ಸಾಗರದಲ್ಲಿ ಉಲ್ಟಾ, ಅಲ್ಲಿಯ ದೊಡ್ಡ ಸ್ಪರ್ಧೆಗಳು ನಡೆಯುವುದೇ ಮಳೆಗಾಲದ ಗಾಳಿಯಲ್ಲಿ.